ಮಳೆಗಾಲದ ಹೊಳೆಯೂ ಕಯಾಕ್ ದೋಣಿಯೂ

ಪುನರ್ವಸು ಮಳೆ ಹಿಡಿಯಿತೆಂದರೆ ನಾವು ಬೆಳೆಗಾರರು ಹೊಳೆಯ ಕಡೆ ತಲೆ ಹಾಕುವುದಿಲ್ಲ. ಬೋರ್ಡೋ ಹೊಡೆಯಲು ಒಂದು ಹೊಳವು ಸಿಕ್ಕೀತೇ ಎಂದು ಆಕಾಶ ನೋಡುತ್ತ ಕುಳಿತಿರುತ್ತೇವೆ. ಅದೇ ದಿನಗಳಲ್ಲಿ ಬೆಂಗಳೂರಿನ ತರುಣ ತರುಣಿಯರು ಜೀಪಿನ ಮೇಲೆ ಬಣ್ಣಬಣ್ಣದ ಪುಟ್ಟ ದೋಣಿಗಳನ್ನು ಕಟ್ಟಿಕೊಂಡು ದಕ್ಷಿಣ ಕೊಡಗಿನ ಬರಪೊಳೆಗೆ ಬರುತ್ತಾರೆ. ಶನಿವಾರ, ಭಾನುವಾರ ಎರಡು ದಿನ ನೊರೆಗಟ್ಟಿ ಹರಿಯುವ ನೀರಿನಲ್ಲಿ ಆಡಿ ಹೋಗುತ್ತಾರೆ. ಇದು ಕೆಲಸವಿಲ್ಲದವರ ಹುಚ್ಚಾಟವೆಂದು ನಮ್ಮಲ್ಲಿ ಹಲವರ ಅಭಿಪ್ರಾಯ. ಅಂಥದೊಂದು ಕ್ಲಬ್ಬಿನ ಎರಡು ದಿನದ ಕಾರ್ಯಕ್ರಮವನ್ನು ದಡದಲ್ಲಿ ನಿಂತು ನೋಡಿದ ನನಗೆ, ಹೊಳೆದಂಡೆಯಲ್ಲಿ ತೋಟವಿರುವ ಸದಸ್ಯರು ಇವರಿಂದ ತಿಳಿಯಬೇಕಾದದ್ದು ಬಹಳವಿದೆ ಎನಿಸಿತು.

ಕಯಾಕ್ ಎಂಬುದು ಉತ್ತರ ಧ್ರುವ ಪ್ರದೇಶದ ಇನೂಯಿಟ್ ಜನರು ಸೀಲ್ ಚರ್ಮ ಹೊದಿಸಿ ಬೇಟೆಗಾಗಿ ಮಾಡಿಕೊಂಡ ದೋಣಿ. ಈಗಿನದು ಗಟ್ಟಿ ಪ್ಲಾಸ್ಟಿಕ್ಕಿನದು. ಎಂಟು-ಒಂಬತ್ತು ಅಡಿ ಉದ್ದ, ಸುಮಾರು 20 ಕಿಲೋ ತೂಕ. ಒಬ್ಬನೇ ಕೂರುವುದು. ಹುಟ್ಟಿಗೆ ಎರಡೂ ತುದಿಯಲ್ಲಿ ಅಲಗು. ದೋಣಿ ಮಗುಚಿದರೆ ಹೊರಬರದೆ, ನೀರೊಳಗೇ ಸೊಂಟ ತಿರುಗಿಸಿ ಎದ್ದು ಕೂರುವ ವರಸೆಯೊಂದಿದೆ. ನೋಡುವವರ ಎದೆ ಝಲ್ಲೆನ್ನುತ್ತದೆ. ರಭಸದ ನೀರಿನ ಈ ಆಟ 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ಮೊದಲ ಬಾರಿ ಸೇರಿತು. ನೆರೆಯ ಕೇರಳದ ಕೋಡಂಚೇರಿಯಲ್ಲಿ 2013ರಿಂದ ಮಳೆಗಾಲದ ಕಯಾಕ್ ಉತ್ಸವಗಳು ನಡೆದಿವೆ.

ಬರಪೊಳೆ ಬ್ರಹ್ಮಗಿರಿ ಸೀಮೆಯಲ್ಲಿ ಹುಟ್ಟಿ ಪಡುವಣಕ್ಕೆ ಇಳಿದು, ಕಣ್ಣೂರು ಜಿಲ್ಲೆಯ ವಳಪಟ್ಟಣಂ ಹೊಳೆಯನ್ನು ಸೇರುತ್ತದೆ. ಇಳಿಜಾರು ಕಡಿದು, ಹರವು ಚಿಕ್ಕದು. ಮಳೆ ಬಿದ್ದರೆ ಉಕ್ಕುತ್ತದೆ, ಬಿಟ್ಟರೆ ಇಳಿಯುತ್ತದೆ. ಆದ್ದರಿಂದಲೇ ಆಟವೆಲ್ಲ ಮಳೆಗಾಲದಲ್ಲಿ. ಅಲ್ಲಿಯ ಒಂದು ಇಳಿತಕ್ಕೆ ದೋಣಿಗರು ಇಟ್ಟಿರುವ ಹೆಸರು ‘ಮಾರ್ನಿಂಗ್ ಕಾಫಿ’. ಕಾಫಿ ತೋಟಗಳ ನಡುವೆ ಹರಿಯುವ ಹೊಳೆಗೆ ಒಪ್ಪುವ ಹೆಸರೇ!

ಮೊದಲ ದಿನ ಬೆಳಿಗ್ಗೆ ಅವರು ದೋಣಿ ಇಳಿಸಲೇ ಇಲ್ಲ. ಬಂಡೆಯ ಮೇಲೆ ನಿಂತು ಬಹಳ ಹೊತ್ತು ನೀರನ್ನೇ ನೋಡಿದರು. ಎರಡು ಬಂಡೆಗಳ ನಡುವೆ ನುಣುಪಾದ ನಾಲಗೆಯಂತೆ ಕೆಳಮುಖವಾಗಿ ಚೂಪಾಗುವ ನೀರು ದಾರಿ. ಚೂಪು ಮೇಲ್ಮುಖವಾಗಿದ್ದರೆ ಅಲ್ಲಿ ಬಂಡೆ ಅಡಗಿದೆ. ದೊಡ್ಡ ಬಂಡೆಯ ಬೆನ್ನಿಗೆ ನೀರು ಹಿಂದಕ್ಕೆ ತಿರುಗಿ ತಣ್ಣಗೆ ನಿಲ್ಲುತ್ತದೆ; ಅದೇ ಅವರ ತಂಗುದಾಣ. ಮೂವರಿಗಿಂತ ಕಡಿಮೆ ಇದ್ದರೆ ಇಳಿಯುವುದಿಲ್ಲ. ಮೂರು ಸಲ ಸೀಟಿ ಊದಿದರೆ ಅಪಾಯವೆಂದು ಅರ್ಥ. ನೀರು ಮೀರಿದ್ದರೆ ದೋಣಿ ಹೊತ್ತು ದಡದಲ್ಲೇ ನಡೆಯುತ್ತಾರೆ, ಅದಕ್ಕೆ ನಾಚಿಕೆಪಡುವುದಿಲ್ಲ. ನೀರಿನ ವೇಗ ಇಮ್ಮಡಿಯಾದರೆ ಅದು ತಳ್ಳುವ ಬಲ ನಾಲ್ಕು ಮಡಿಯಾಗುತ್ತದೆ ಎಂಬ ಲೆಕ್ಕ ಅವರಿಗೆ ಬಾಯಿಪಾಠ. ಮೊಣಕಾಲುದ್ದದ ಹಳ್ಳವೆಂದು ಪಂಚೆ ಎತ್ತಿಕಟ್ಟಿ ದಾಟುವ ನಮಗೆ ಆ ಲೆಕ್ಕವಿಲ್ಲ. ಪ್ರತಿ ಮಳೆಗಾಲ ಕಾಲುಸಂಕದಿಂದ ಜಾರಿ ಕೊಚ್ಚಿಹೋದವರ ಸುದ್ದಿ ಓದುತ್ತೇವೆ.

ಅವರು ಹೆದರುವುದು ಅಬ್ಬರದ ಅಲೆಗೆ ಅಲ್ಲ, ಎರಡು ಮೌನದ ವಸ್ತುಗಳಿಗೆ. ಒಂದು, ಹೊಳೆಗೆ ಅಡ್ಡಬಿದ್ದ ಮರ. ಇದಕ್ಕೆ ಅವರ ಹೆಸರು ‘ಸ್ಟ್ರೈನರ್’, ಕಾಫಿ ಸೋಸುವ ಜಾಲರಿಯ ಹಾಗೆ. ನೀರು ಕೊಂಬೆಗಳ ನಡುವೆ ದಾಟಿಹೋಗುತ್ತದೆ, ಮನುಷ್ಯ ಚರಟದಂತೆ ಅಲ್ಲೇ ಸಿಕ್ಕಿಕೊಳ್ಳುತ್ತಾನೆ. ಮರಗಸಿ ಮಾಡಿದ ಕೊಂಬೆಗಳನ್ನು ಹೊಳೆಗೆ ನೂಕಿ ಕೈತೊಳೆದುಕೊಳ್ಳುವ ಪದ್ಧತಿ ನಮ್ಮ ಕೆಲವು ತೋಟಗಳಲ್ಲಿದೆ. ದಯವಿಟ್ಟು ನಿಲ್ಲಿಸಬೇಕು. ಪಂಪಿನ ಪೈಪು ಬಿಗಿಯಲು ಹೊಳೆಗೆ ಅಡ್ಡ ಎಳೆದ ತಂತಿಯನ್ನೂ ಮಳೆಗೆ ಮೊದಲು ಬಿಚ್ಚಿಡಬೇಕು.

ಇನ್ನೊಂದು, ಗಿಡ್ಡ ಅಣೆಕಟ್ಟು. ನೀರು ನೇರ ಗೆರೆಯಾಗಿ ಮೂರು-ನಾಲ್ಕು ಅಡಿ ಬೀಳುತ್ತದೆ, ಸದ್ದು ಕೂಡ ಹೆಚ್ಚಿಲ್ಲ. ಆದರೆ ಬಿದ್ದ ನೀರು ಬುಡದಲ್ಲಿ ಸುತ್ತಿ ಮತ್ತೆ ಗೋಡೆಯ ಕಡೆಗೇ ಮರಳುತ್ತದೆ. ಬಿದ್ದವನನ್ನು ಹೊರಳಿಸಿ ಹೊರಳಿಸಿ ಒಳಗೇ ಇಟ್ಟುಕೊಳ್ಳುತ್ತದೆ. ನುರಿತ ಈಜುಗಾರನೂ ಬಿಡಿಸಿಕೊಳ್ಳಲಾರ. ಕಿಂಡಿ ಅಣೆಕಟ್ಟಿನ ಕೆಳಗೆ ಮೀನು ಹಿಡಿಯುವ ಹುಡುಗರಿಗೆ ಇದನ್ನು ಹೇಳಬೇಕು.

ಮಧ್ಯಾಹ್ನ ನೀರಿಗೆ ಬಿದ್ದವರನ್ನು ಎಳೆಯುವ ಅಭ್ಯಾಸ ನಡೆಯಿತು. ಸೆಳವಿನಲ್ಲಿ ಎದ್ದು ನಿಲ್ಲಲು ಹೋಗಬಾರದು. ಪಾದ ಕಲ್ಲಿನ ಸಂದಿಗೆ ಸಿಕ್ಕಿದರೆ ನೀರು ಮುಂದಕ್ಕೆ ಕೆಡವಿ ಮುಳುಗಿಸುತ್ತದೆ. ಅಂಗಾತ ಮಲಗಿ, ಕಾಲನ್ನು ಹರಿವಿನ ದಿಕ್ಕಿಗೆ ಚಾಚಿ, ದಡದ ಕಡೆಗೆ ಕೈಬೀಸಬೇಕು. ರಕ್ಷಿಸುವವನು ನೀರಿಗೆ ಹಾರುವುದಿಲ್ಲ. ಚೀಲದಲ್ಲಿ ತುಂಬಿದ 15-20 ಮೀಟರ್ ಹಗ್ಗವನ್ನು, ಕೂಗಿ ಹೇಳಿ, ಬಿದ್ದವನ ಆಚೆಗೆ ಬೀಳುವಂತೆ ಎಸೆಯುತ್ತಾನೆ. ಹಗ್ಗವನ್ನು ಕೈಗೆ ಸುತ್ತಿಕೊಳ್ಳುವುದಿಲ್ಲ, ಸೊಂಟಕ್ಕೂ ಕಟ್ಟುವುದಿಲ್ಲ. ಹಿಡಿದವನು ಹೊಳೆಯ ಎಳೆತಕ್ಕೇ ಬೀಸಿ ಬಂದು ದಡಕ್ಕೆ ತಾಗುತ್ತಾನೆ.

ಹಗ್ಗದ ವಿಷಯದಲ್ಲಿ ಒಂದು ಮಾತು. ನಮ್ಮ ತೋಟಗಳಲ್ಲಿರುವ ನೈಲಾನ್ ಹಗ್ಗ ನೀರಲ್ಲಿ ಮುಳುಗುತ್ತದೆ. ಪಾಲಿಪ್ರೊಪಿಲೀನ್ ಹಗ್ಗ ತೇಲುತ್ತದೆ, ಇದೇ ಆಗಬೇಕು. ಮುಂದಿನ ಮಳೆಗೆ ಮೊದಲು ಸಂಘದ ಮಳಿಗೆಗೆ ಇದನ್ನು ತರಿಸುವ ವಿಚಾರವಿದೆ. ಹೊಳೆದಂಡೆಯ ಸದಸ್ಯರು ಎಷ್ಟು ಬೇಕೆಂಬುದನ್ನು ಕಛೇರಿಯ ಪುಸ್ತಕದಲ್ಲಿ ಬರೆಸಬೇಕು.