ಊರಿನಿಂದ ಹೊರಹಾಕುವ ಮುನ್ನ

ಎಂಟನೆಯ ತರಗತಿಯಲ್ಲಿ ಓದುತ್ತಿರುವ ನನ್ನ ಸೋದರಳಿಯ ಒಂದು ಊರಿನ ಯಜಮಾನ. ಊರು ಇರುವುದು ಮೈನ್‌ಕ್ರಾಫ್ಟ್ ಎಂಬ ಕಂಪ್ಯೂಟರ್ ಆಟದೊಳಗೆ. ಅವನೂ ಅವನ ಹತ್ತಾರು ಸಹಪಾಠಿಗಳೂ ಸೇರಿ ಅಲ್ಲಿ ಮನೆ, ಸೇತುವೆ, ಗ್ರಂಥಾಲಯಗಳನ್ನು ಕಟ್ಟಿಕೊಂಡಿದ್ದರು. ಒಂದು ರಾತ್ರಿ ಆ ಗ್ರಂಥಾಲಯ ಸುಟ್ಟುಹೋಯಿತು. ಬೆಂಕಿ ಹಚ್ಚಿದವನ ಹೆಸರು ಸರ್ವರ್‌ನ ದಾಖಲೆಯಲ್ಲಿತ್ತು. ‘ಅವನನ್ನು ಬ್ಯಾನ್ ಮಾಡಿಬಿಟ್ಟೆ ಮಾವ, ಮುಗೀತು’ ಎಂದ ಅಳಿಯ. ಆದರೆ ಅದು ಅಲ್ಲಿಗೆ ಮುಗಿಯಲಿಲ್ಲ. ಮರುದಿನದಿಂದ ಶಾಲೆಯಲ್ಲಿಯೂ ಆ ಹುಡುಗನೊಡನೆ ಯಾರೂ ಮಾತನಾಡಲಿಲ್ಲ.

ಮಕ್ಕಳಾಟವೆಂದು ನಕ್ಕು ಸುಮ್ಮನಾಗಬಹುದಿತ್ತು. ಆದರೆ ಆಟಗಾರರೇ ಕಟ್ಟಿ ಆಳುವ ಊರುಗಳಲ್ಲಿ ಪುಂಡರನ್ನು ಏನು ಮಾಡಬೇಕೆಂಬ ಪ್ರಶ್ನೆಗೆ ಮೂರು ದಶಕಗಳ ಇತಿಹಾಸವಿದೆ. ಅದನ್ನು ಬಲ್ಲವರು ಅಷ್ಟು ಸುಲಭವಾಗಿ ನಗಲಾರರು.

1990ರಲ್ಲಿ ಅಮೆರಿಕದ ಜೆರಾಕ್ಸ್ ಸಂಶೋಧನಾ ಕೇಂದ್ರದಲ್ಲಿದ್ದ ಪಾವೆಲ್ ಕರ್ಟಿಸ್ ‘ಲ್ಯಾಂಬ್ಡಾಮೂ’ ಎಂಬ ಲೋಕವೊಂದನ್ನು ರೂಪಿಸಿದರು. ಚಿತ್ರಗಳಿಲ್ಲದ, ಬರಿಯ ಬರಹದಿಂದಲೇ ಕಟ್ಟಿದ ಭಾರಿ ಬಂಗಲೆ ಅದು. ಅದರ ಆಡಳಿತಗಾರರನ್ನು ‘ಮಾಂತ್ರಿಕರು’ ಎಂದು ಕರೆಯುತ್ತಿದ್ದರು. 1992ರ ಕೊನೆಯಲ್ಲಿ ಈ ಮಾಂತ್ರಿಕರು, ಇನ್ನು ಮುಂದೆ ತಾಂತ್ರಿಕ ಕೆಲಸವಷ್ಟೇ ತಮ್ಮದು, ನಿವಾಸಿಗಳ ಜಗಳಕ್ಕೆ ತಾವು ಬರುವುದಿಲ್ಲವೆಂದು ಸಾರಿದರು. ಮರುವರ್ಷವೇ ‘ಮಿಸ್ಟರ್ ಬಂಗಲ್’ ಎಂಬ ಹೆಸರಿನ ನಿವಾಸಿಯೊಬ್ಬ ಇತರರ ಪಾತ್ರಗಳನ್ನು ತನ್ನ ಹಿಡಿತಕ್ಕೆ ತೆಗೆದುಕೊಂಡು, ಎಲ್ಲರೆದುರು ಅವುಗಳ ಮೇಲೆ ಲೈಂಗಿಕ ಹಿಂಸೆಯ ವರ್ಣನೆಗಳನ್ನು ಹರಿಯಬಿಟ್ಟ. ನೊಂದವರು ಸಭೆ ಸೇರಿದರು. ಗಂಟೆಗಟ್ಟಲೆ ಚರ್ಚೆ ನಡೆದರೂ ತೀರ್ಮಾನವಾಗಲಿಲ್ಲ. ಕೊನೆಗೆ ಮಾಂತ್ರಿಕನೊಬ್ಬ ತಾನೊಬ್ಬನೇ ನಿರ್ಧರಿಸಿ ಬಂಗಲ್‌ನನ್ನು ಅಳಿಸಿಹಾಕಿದ. ಕೆಲವೇ ದಿನಗಳಲ್ಲಿ ಅದೇ ವ್ಯಕ್ತಿ ಬೇರೆ ಹೆಸರಿನಲ್ಲಿ ಮರಳಿ ಬಂದ. ಪತ್ರಕರ್ತ ಜೂಲಿಯನ್ ಡಿಬೆಲ್ 1993ರ ಡಿಸೆಂಬರ್‌ನಲ್ಲಿ ‘ವಿಲೇಜ್ ವಾಯ್ಸ್’ ಪತ್ರಿಕೆಯಲ್ಲಿ ಬರೆದ ಲೇಖನದಿಂದ ಈ ಪ್ರಕರಣ ಜಗತ್ತಿಗೆ ತಿಳಿಯಿತು.

ಶಿಕ್ಷೆ ಅನ್ಯಾಯವಾಗಿತ್ತೆಂದು ನಾನು ಹೇಳಲಾರೆ. ಆದರೆ ಅದನ್ನು ವಿಧಿಸಿದ ರೀತಿ ಕರ್ಟಿಸ್ ಅವರಿಗೂ ಸಮಾಧಾನ ತರಲಿಲ್ಲ. ನಿವಾಸಿಗಳೇ ಮನವಿ ಸಲ್ಲಿಸಿ, ಮತ ಹಾಕಿ ನಿಯಮ ರೂಪಿಸುವ ವ್ಯವಸ್ಥೆಯನ್ನು ಅವರು ತಂದರು. ಅದೂ ಬಹುಕಾಲ ನೆಮ್ಮದಿ ಕೊಡಲಿಲ್ಲ. ಜಗಳಗಳಿಂದ ಬೇಸತ್ತ ಮಾಂತ್ರಿಕರು 1996ರಲ್ಲಿ ಸಾಮಾಜಿಕ ವಿಷಯಗಳಲ್ಲಿ ಮತ್ತೆ ಕೈಹಾಕುವುದಾಗಿ ಪ್ರಕಟಿಸಿದರು. ಸ್ವಯಮಾಡಳಿತವೆಂಬುದು ದಣಿವಿನ ಕೆಲಸ.

2003ರಲ್ಲಿ ಬಂದ ಎರಡು ಆಟಗಳು ಬೇರೆ ದಾರಿ ಹಿಡಿದವು. ಪ್ರಾಚೀನ ಈಜಿಪ್ಟನ್ನು ಹಿನ್ನೆಲೆಯಾಗಿಟ್ಟುಕೊಂಡ ‘ಎ ಟೇಲ್ ಇನ್ ದ ಡೆಸರ್ಟ್’ನಲ್ಲಿ ಆಟಗಾರರೇ ಕಾನೂನು ಮಾಡಬಹುದಿತ್ತು. ಅಲ್ಲಿ ಚುನಾವಣೆಯಲ್ಲಿ ಗೆದ್ದ ‘ಉಪ ಫೇರೋ’ಗೆ ಇತರರನ್ನು ಶಾಶ್ವತವಾಗಿ ಹೊರಹಾಕುವ ಅಧಿಕಾರವಿತ್ತು. ಆದರೆ ಏಳೇ ಮಂದಿಯನ್ನು! ಅಧಿಕಾರಕ್ಕೆ ಲೆಕ್ಕವಿದ್ದಾಗ ಅದನ್ನು ಬಳಸುವ ಕೈ ಒಂದು ಕ್ಷಣ ತಡೆಯುತ್ತದೆ. ಇನ್ನೊಂದು ‘ಸ್ಟಾರ್ ವಾರ್ಸ್ ಗ್ಯಾಲಕ್ಸೀಸ್’. 2011ರಲ್ಲಿ ಮುಚ್ಚಿಹೋದ ಈ ಆಟದ ನಗರಗಳಲ್ಲಿ ಚುನಾಯಿತ ಮೇಯರ್ ಇದ್ದ, ತೆರಿಗೆಯಿತ್ತು, ಖಜಾನೆಯಿತ್ತು. ತಂಟೆಕೋರನಿಗೆ ನಗರದ ಸೌಲಭ್ಯಗಳನ್ನು ನಿರಾಕರಿಸುವ ಅವಕಾಶವೂ ಇತ್ತು. ಅಲ್ಲಿನ ದಂಡನೆ ಗಡೀಪಾರಿನಿಂದಲೇ ಆರಂಭವಾಗಬೇಕಿರಲಿಲ್ಲ.

ಇವೆಲ್ಲವನ್ನೂ ನೋಡಿದ ಮೇಲೆ ನನಗನ್ನಿಸುವುದು ಇಷ್ಟು: ಹೊರಹಾಕುವ ಗುಂಡಿ ಒತ್ತುವುದು ಊರನ್ನು ಆಳುವ ಕೆಲಸದಲ್ಲಿ ಅತಿ ಸುಲಭವಾದ ಭಾಗ. ತಪ್ಪು ಯಾವುದೆಂದು ಮೊದಲೇ ಬರೆದಿಡುವುದು, ಆಪಾದಿತನ ಮಾತು ಕೇಳುವುದು, ತಪ್ಪಿನಷ್ಟೇ ಶಿಕ್ಷೆ ಕೊಡುವುದು ಕಷ್ಟ. ಪೀಡಿತರಿಗೆ ಬೇಗ ರಕ್ಷಣೆ ಸಿಗಬೇಕು, ನಿಜ. ಅದಕ್ಕಾಗಿ ತಾತ್ಕಾಲಿಕವಾಗಿ ತಡೆದು ನಿಲ್ಲಿಸಿದರೆ ಸಾಕು. ಶಾಶ್ವತ ತೀರ್ಪಿಗೆ ಅವಸರವಿಲ್ಲ.

ಅಳಿಯನಿಗೆ ನಾನು ಕೇಳಿದ್ದು ಒಂದೇ ಪ್ರಶ್ನೆ: ‘ಅವನನ್ನು ಕೇಳಿದೆಯೇನೋ?’ ಕೇಳಿರಲಿಲ್ಲ. ವಾರದ ಬಳಿಕ ಕೇಳಿದಾಗ ಆ ಹುಡುಗ, ‘ಜಾಗ ತೆರವು ಮಾಡೋಕೆ ಪಕ್ಕದ ಮರಕ್ಕೆ ಬೆಂಕಿ ಇಟ್ಟೆ, ಅದು ಹಬ್ಬಿಬಿಡ್ತು’ ಎಂದನಂತೆ. ಆ ಆಟದಲ್ಲಿ ಬೆಂಕಿ ಮರದಿಂದ ಮರದ ಮನೆಗೆ ಹಬ್ಬುವುದು ಸಹಜ. ಬೆಂಕಿ ಇಟ್ಟ ಕೈ ಯಾವುದೆಂಬುದು ದಾಖಲೆಯಲ್ಲಿರುತ್ತದೆ. ಮನಸ್ಸಿನಲ್ಲಿ ಏನಿತ್ತೆಂಬುದು ಇರುವುದಿಲ್ಲ.

ಅವನು ಹೇಳಿದ್ದು ನಿಜವೋ ಸುಳ್ಳೋ ನನಗೆ ಗೊತ್ತಿಲ್ಲ, ಅಳಿಯನಿಗೂ ಗೊತ್ತಿಲ್ಲ. ಸುಟ್ಟ ಗ್ರಂಥಾಲಯವನ್ನು ಉಳಿಸಿಟ್ಟ ಪ್ರತಿಯಿಂದ ಕೆಲವೇ ನಿಮಿಷಗಳಲ್ಲಿ ಮರಳಿ ನಿಲ್ಲಿಸಿದರು. ಹುಡುಗನನ್ನು ಮರಳಿ ಸೇರಿಸಿಕೊಳ್ಳಲು ಎರಡು ವಾರ ಹಿಡಿಯಿತು. ಈಗ ಅವರ ಊರಿಗೆ ನೋಟ್‌ಬುಕ್ಕಿನ ಒಂದು ಹಾಳೆಯಷ್ಟು ಕಾನೂನಿದೆ. ಅದರ ಮೊದಲ ಸಾಲು, ‘ಹೊರಹಾಕುವ ಮೊದಲು ಕೇಳಬೇಕು’ ಎಂದಿದೆ.