ಮತವನ್ನು ಬೇಡಿದರು, ಯುದ್ಧವನ್ನು ಒಲ್ಲೆವೆಂದರು

ಬೀಳಗಿಯ ತಾಯಂದಿರಿಗೆ ಮತದ ಹಕ್ಕು ಬಂದ ದಾರಿಯನ್ನರಸಿ ಹೊರಟರೆ ನಾವು ದೂರದ ಐರ್ಲೆಂಡನ್ನು ಮುಟ್ಟುತ್ತೇವೆ. ಅಲ್ಲಿ 1908ರಲ್ಲಿ ಮಾರ್ಗರೆಟ್ ಕಸಿನ್ಸ್ ಹಾಗೂ ಹನ್ನಾ ಶೀಹಿ ಸ್ಕೆಫಿಂಗ್ಟನ್ ಎಂಬ ಗೆಳತಿಯರು ಸ್ತ್ರೀಯರ ಮತಾಧಿಕಾರಕ್ಕಾಗಿ ಸಂಘ ಕಟ್ಟಿದರು. 1914ರಲ್ಲಿ ಮಹಾಯುದ್ಧ ಹೊತ್ತಿಕೊಂಡಾಗ ಹನ್ನಾ ಅದನ್ನು ವಿರೋಧಿಸಿದರು. ಸೈನ್ಯಭರ್ತಿಯ ವಿರುದ್ಧ ಮಾತನಾಡಿದ್ದಕ್ಕಾಗಿ ಅವರ ಪತಿ ಫ್ರಾನ್ಸಿಸ್ 1915ರಲ್ಲಿ ಸೆರೆಮನೆ ಕಂಡರು. ಮರುವರ್ಷ ಬ್ರಿಟಿಷ್ ಸೇನಾಧಿಕಾರಿಯೊಬ್ಬನ ಆಜ್ಞೆಯಿಂದ, ವಿಚಾರಣೆಯೇ ಇಲ್ಲದೆ, ಗುಂಡಿಗೆ ಬಲಿಯಾದರು. ಸರಕಾರ ಕೊಡಬಂದ ಪರಿಹಾರಧನವನ್ನು ಹನ್ನಾ ಮುಟ್ಟಲಿಲ್ಲ. ಚಿಕ್ಕ ಮಗನೊಬ್ಬನನ್ನು ಸಾಕಬೇಕಿದ್ದ ವಿಧವೆಯ ನಿರ್ಧಾರವಿದು ಎಂಬುದನ್ನು ಓದುಗರು ಗಮನಿಸಬೇಕು.

1918ರಲ್ಲಿ ಕಡ್ಡಾಯ ಸೈನ್ಯಭರ್ತಿಯ ಕಾನೂನು ಐರ್ಲೆಂಡಿಗೂ ಚಾಚಿತು. ಜೂನ್ 9ರಂದು ಅಲ್ಲಿಯ ಸ್ತ್ರೀಯರು ಸಾಲುಗಟ್ಟಿ ನಿಂತು, ಬಲವಂತದಿಂದ ಒಯ್ದ ಗಂಡಸರ ಕೆಲಸಕ್ಕೆ ತಾವು ಸೇರೆವೆಂದು ಪ್ರತಿಜ್ಞಾಪತ್ರಕ್ಕೆ ಸಹಿ ಹಾಕಿದರು. ಆ ಭರ್ತಿ ಅಲ್ಲಿ ಜಾರಿಯಾಗಲೇ ಇಲ್ಲ.

ಮಾರ್ಗರೆಟ್ 1915ರಲ್ಲಿಯೇ ಭಾರತಕ್ಕೆ ಬಂದಿದ್ದರು. 1917ರಲ್ಲಿ ಅವರ ಪ್ರಯತ್ನದಿಂದ, ಸರೋಜಿನಿ ನಾಯ್ಡು ಅವರ ನೇತೃತ್ವದಲ್ಲಿ, ಸ್ತ್ರೀಯರ ನಿಯೋಗವೊಂದು ಭಾರತಮಂತ್ರಿ ಮಾಂಟೆಗ್ಯೂ ಅವರ ಮುಂದೆ ಮತದ ಬೇಡಿಕೆಯನ್ನಿಟ್ಟಿತು. 1921ರಲ್ಲಿ ಮುಂಬಯಿ ಪ್ರಾಂತದ ಶಾಸನಸಭೆ ಒಪ್ಪಿತು. ವಿಜಾಪುರ ಜಿಲ್ಲೆಗೆ ಸೇರಿದ್ದ ನಮ್ಮ ಬೀಳಗಿಯ ಆಸ್ತಿವಂತ ಸ್ತ್ರೀಯರಿಗೆ ಬಾಗಿಲು ತೆರೆಯಿತು. ಸಂಸ್ಥಾನಗಳಾಗಿದ್ದ ನೆರೆಯ ಜಮಖಂಡಿ, ಮುಧೋಳಗಳಿಗೆ ಆ ನಿಯಮ ಅನ್ವಯಿಸಲಿಲ್ಲ. ಹೊಲಮನೆಯ ಲೆಕ್ಕ ಕೇಳದೆ ಎಲ್ಲ ತಾಯಂದಿರನ್ನೂ ಮತಗಟ್ಟೆಗೆ ಕರೆದದ್ದು 1951–52ರ ಮಹಾಚುನಾವಣೆ.