ಕಾರ್ಕ್‌ನಲ್ಲಿ ಟೀಚರ್ ಆಗಲು ಇನ್ನೊಂದು ಡಿಗ್ರಿ ಬೇಕೇ?

ನನ್ನ ಹೆಂಡತಿ ಮೈಸೂರಿನಲ್ಲಿ ಆರು ವರ್ಷ ಹೈಸ್ಕೂಲ್ ಮಕ್ಕಳಿಗೆ ಗಣಿತ ಹೇಳಿಕೊಟ್ಟವಳು. ಎಂ.ಎಸ್ಸಿ., ಬಿ.ಎಡ್. ಎರಡೂ ಆಗಿವೆ. ಕಾರ್ಕ್‌ಗೆ ಬಂದಮೇಲೆ ಸಿಕ್ಕವರೆಲ್ಲ ಹೇಳಿದ್ದು ಒಂದೇ: ಯೂನಿವರ್ಸಿಟಿ ಕಾಲೇಜ್ ಕಾರ್ಕ್‌ನಲ್ಲಿ ಪಿಎಂಇ (ಪ್ರೊಫೆಷನಲ್ ಮಾಸ್ಟರ್ ಆಫ್ ಎಜುಕೇಷನ್) ಮಾಡಿಸಿ. ಎರಡು ವರ್ಷದ ಕೋರ್ಸು. ಮನೆಯ ಡೆಪಾಸಿಟ್‌ಗೆಂದು ಕೂಡಿಟ್ಟ ದುಡ್ಡಿಗೇ ಕೈ ಹಾಕಬೇಕಾಗುತ್ತದೆ. ಹಾಗಾಗಿ ಕೂತು ಲೆಕ್ಕ ಹಾಕಿದೆ.

ಫೀಸಿಗಿಂತ ದೊಡ್ಡ ಖರ್ಚು ಕೈತಪ್ಪುವ ಎರಡು ವರ್ಷದ ಸಂಬಳ. ಫೀಸಿನ ಮೇಲೆ ಶೇ. 20ರಷ್ಟು ತೆರಿಗೆ ರಿಯಾಯಿತಿ ಇದೆ, ಆದರೆ 7,000 ಯೂರೋವರೆಗಿನ ಫೀಸಿಗೆ ಮಾತ್ರ. ಅದರಲ್ಲೂ ಮೊದಲ ಒಂದಿಷ್ಟು ಲೆಕ್ಕಕ್ಕಿಲ್ಲ.

ವಾಪಸ್ ಬರುವುದೆಷ್ಟು? 2012ರ ಫೆಬ್ರವರಿಯಿಂದೀಚೆಗೆ ಸೇರಿದ ಶಿಕ್ಷಕರಿಗೆ ಇಲ್ಲಿ ಮಾಸ್ಟರ್ಸ್, ಪಿಎಚ್.ಡಿ.ಗೆ ಪ್ರತ್ಯೇಕ ಭತ್ಯೆ ಇಲ್ಲ. 2022ರಲ್ಲಿ ಹೈಸ್ಕೂಲ್ ಮಟ್ಟದವರಿಗೆ ಮರಳಿ ಸಿಕ್ಕಿದ್ದು ಪಿಎಂಇ ಭತ್ಯೆ, ಆಗ ವರ್ಷಕ್ಕೆ 1,314 ಯೂರೋ. ಇದನ್ನು ನಂಬಿ ಎರಡು ವರ್ಷದ ಸಂಬಳ ಬಿಡುವುದು ನನಗೆ ಸರಿಕಾಣಲಿಲ್ಲ.

ಬಿ.ಎಡ್. ಇರುವವರಿಗೆ ಇನ್ನೊಂದು ದಾರಿಯಿದೆ: ಟೀಚಿಂಗ್ ಕೌನ್ಸಿಲ್‌ಗೆ ಅರ್ಜಿ. ಭಾರತದ ಪದವಿಯಲ್ಲಿ ಕೊರತೆ ಕಂಡರೂ ಷರತ್ತಿನ ಮೇಲೆ ನೋಂದಣಿ ಸಿಗಬಹುದು. ಆಗ ಪಾಠ ಮಾಡುತ್ತಲೇ ಅಷ್ಟನ್ನು ತುಂಬಿಕೊಂಡರಾಯಿತು.

ವಿಶ್ವವಿದ್ಯಾಲಯದಲ್ಲಿ ಕಲಿಸುವ ಆಸೆಯಿದ್ದರೆ ಮಾತ್ರ ಕಥೆ ಬೇರೆ, ಅಲ್ಲಿ ಪಿಎಚ್.ಡಿ. ಬೇಕೇ ಬೇಕು. (1849ರಲ್ಲಿ ಇದೇ ಕಾಲೇಜಿನ ಮೊದಲ ಗಣಿತ ಪ್ರಾಧ್ಯಾಪಕರಾದ ಜಾರ್ಜ್ ಬೂಲ್ ಯಾವ ಡಿಗ್ರಿಯೂ ಇಲ್ಲದವರು. ಇಂದಾಗಿದ್ದರೆ ಇಂಟರ್‌ವ್ಯೂಗೂ ಕರೆಯುತ್ತಿರಲಿಲ್ಲವೇನೋ!)

ಸದ್ಯಕ್ಕೆ ಮೈಸೂರಿನಿಂದ ಅಂಕಪಟ್ಟಿ ತರಿಸುತ್ತಿದ್ದೇವೆ. ಕೌನ್ಸಿಲ್ ಏನನ್ನುತ್ತದೋ ನೋಡಿ ಪಿಎಂಇ ಮಾತು.